ಬಂದ್ಮೇಲೋ, ಬಂದಿದ್ಕೋ?

ಎದುರುಮನೆ ಮೇಷ್ಟ್ರ ಬಲಗೈ ತೋರುಬೆರಳು ಎಂದೋ ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾಗಿತ್ತು. ಯಾರ ಕಡೆ ತೋರಿಸಿದರೂ ಅದರ ತುದಿ ಮೇಷ್ಟ್ರ ಕಡೆಗೇ ತಿರುಗಿಕೊಳ್ಳುತ್ತಿತ್ತು. ರಾವಂದೂರಿನ ಹತ್ತಿರದ ನಮ್ಮೂರಿಂದ ಬಸ್ಸಿನಲ್ಲಿ ಪಿರಿಯಾಪಟ್ಟಣಕ್ಕೆ ಹೋಗಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ, ಅಂದರೆ ಸ್ಟ್ಯಾಟಿಸ್ಟಿಕ್ಸಿನ, ಪಾಠ ಹೇಳುತ್ತಿದ್ದರು. ಆ ಶಾಸ್ತ್ರದಲ್ಲಿ ಊರಿನವರಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ. ದೃಷ್ಟಿ ತೆಗೆದೆ, ಮಗುವಿನ ಜ್ವರ ಬಿಟ್ಟಿತು ಎಂದು ಯಾರಾದರೂ ಅಂದರೆ ಸಾಕು, "ತೆಗೆದ್ಮೇಲೋ, ತೆಗೆದಿದ್ಕೋ?" ಎಂದು ಕೇಳಿ ನಗುವರು.

"ಈ ಮೇಷ್ಟ್ರ ಮುಂದೆ ಬಾಯ್ ಬುಡಂಗಿಲ್ಲ ಕಣಪ್ಪ" ಎಂದು ಜನ ಗೊಣಗುವರು.

ನಾನು ಸೊಸೆಯಾಗಿ ಬಂದ ವರ್ಷವೇ ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸು ಸತ್ತವು. ಮೂರನೆಯದು, ಗಬ್ಬದ ಹಸು, ಮೇವು ಬಿಟ್ಟು ಮಲಗಿತು. ಅತ್ತೆ ನನ್ನ ಬಟ್ಟೆಯ ಚೀಲ ತಂದು ಜಗಲಿಯ ಮೇಲಿಟ್ಟರು. ನನ್ನ ಗಂಡ ತಲೆ ಎತ್ತಲಿಲ್ಲ. ಗಲಾಟೆ ಕೇಳಿ ಮೇಷ್ಟ್ರು ಬಂದರು.

"ಇವ್ಳ ಕಾಲ್ಗುಣ ಕಣ್ ಮೇಷ್ಟ್ರೇ," ಅಂದರು ಅತ್ತೆ. "ಇವ್ಳು ಬಂದ್ಮೇಲೇ ಕೊಟ್ಗೆ ಬರಿದಾಯ್ತು. ಅವ್ರವ್ವನ ಮನೇಲಿರ್ಲಿ ಬುಡಿ."

"ಬಂದ್ಮೇಲೋ, ಬಂದಿದ್ಕೋ?" ಈ ಸಲ ಮೇಷ್ಟ್ರು ನಗಲಿಲ್ಲ. "ಮೇಗಲ ಬೀದೀಲೂ ಹಸ ಸತ್ವಲ್ಲಮ್ಮ, ಅಲ್ಲಿಗೆ ಯಾವ ಸೊಸೆ ಬಂದಿದ್ಲು? ಕೆರೆ ಕಡೆ ಮನೇಗೆ ಸೊಸೆ ಬಂದವ್ಳೆ, ಅವ್ರ ಹಸ ನೆಟ್ಟಗವೆ. ಹಸ ಸತ್ತ ಮನೆಯವ್ರೆಲ್ಲ ಮಳೇಲಿ ನೆಂದು ಬೂಷ್ಟು ಹಿಡಿದ ಹುಲ್ಲು ಹಾಕಿದ್ರಿ. ಅವ್ರು ಹಾಕಿಲ್ಲ."

"ಅಂಗಾದ್ರೆ ಹುಲ್ಲಿಂದ್ಲೇ ಅಂತೀರಾ?"

"ಅದನ್ನೂ ಆಣೆ ಮಾಡಿ ಹೇಳಕ್ಕಾಗಲ್ಲ. ಹುಲ್ಲು, ಸೊಸೆ ಎರಡನ್ನೂ ಒಟ್ಟಿಗೆ ಆಚೆ ಹಾಕಿದ್ರೆ ಯಾವುದ್ರಿಂದ ಅಂತ ಹೆಂಗೆ ತಿಳಿಯೋದು? ಹುಲ್ಲು ನಿಲ್ಸಿ. ಸೊಸೆ ಇಲ್ಲೇ ಇರ್ಲಿ."

"ಈ ಹಸಾನೂ ಸತ್ರೆ?"

ಮೇಷ್ಟ್ರು ಕೊಟ್ಟಿಗೆಗೆ ಹೋಗಿ ಬೂಷ್ಟು ಹುಲ್ಲನ್ನು ತಾವೇ ಎಳೆದು ಆಚೆ ಹಾಕಿದರು. ಚೀಲ ಜಗಲಿಯಲ್ಲೇ ಉಳಿಯಿತು. ನಾನು ಕೊಟ್ಟಿಗೆಯಲ್ಲಿ ಕೂತೆ. ಹಸುವಿನ ಉಸಿರು ನಿಂತಂತಾದಾಗಲೆಲ್ಲ ನನ್ನದೂ ನಿಲ್ಲುತ್ತಿತ್ತು. ಮೇಷ್ಟ್ರು ಬಸ್ಸಿಳಿದವರು ಮನೆಗೆ ಹೋಗದೆ ನೇರ ನಮ್ಮ ಕೊಟ್ಟಿಗೆ ಬಾಗಿಲಿಗೆ ಬರುತ್ತಿದ್ದರು. ಅವರ ಮುಖದಲ್ಲೂ ಹೆದರಿಕೆ ಇತ್ತು. ಕೊನೆಗೊಂದು ಬೆಳಿಗ್ಗೆ ಹಸು ಮೂತಿ ಎತ್ತಿ, ನಾನು ಹಿಡಿದ ಹಸಿಮೇವಿಗೆ ನಾಲಿಗೆ ಚಾಚಿತು.

ಅತ್ತೆ ಚೀಲ ಒಳಗಿಟ್ಟು, "ಒಳ್ಳೇ ಕಾಲ್ಗುಣ ಕಣವ್ವ ನಿಂದು" ಅಂದರು.

"ಅದೂ ಬ್ಯಾಡ ಕಣಮ್ಮ," ಎಂದರು ಮೇಷ್ಟ್ರು. "ನಾಳೆ ಹಾಲು ಒಡೆದ್ರೆ ಚೀಲ ಮತ್ತೆ ಆಚೆ ಬತ್ತದೆ."

ಮೊನ್ನೆ ಮೇಷ್ಟ್ರು ತೀರಿಕೊಂಡರು. ಅವರ ಮಗನ ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ. ಎದೆಯ ಮೇಲೆ ಮಡಿಸಿಟ್ಟ ಕೈಯಲ್ಲಿ ಆ ಬೆರಳು ಈಗಲೂ ಸೊಟ್ಟಗೇ ಇತ್ತು. ಮಣ್ಣಿಗೆ ಬಂದ ಹೆಂಗಸೊಬ್ಬಳು, ಮೂಲೆಯಲ್ಲಿ ಮುದುಡಿ ಕೂತಿದ್ದ ಹೊಸ ಸೊಸೆಯತ್ತ ಬೆರಳು ಮಾಡಿ, "ಇವ್ಳು ಬಂದ್ಲು, ಮಾವ ಹೋದ" ಎಂದು ಪಿಸುಗುಟ್ಟಿದಳು. ಹುಡುಗಿಗೆ ಕೇಳಿಸಿತು. ನಾನು ಬಾಯಿ ತೆರೆಯುವ ಮೊದಲೇ ನಮ್ಮತ್ತೆ, ಸಾವಿನ ಮನೆ ಎನ್ನುವುದನ್ನೂ ಮರೆತು ಗದರಿದರು:

"ಬಂದ್ಮೇಲೋ, ಬಂದಿದ್ಕೋ? ಬುಡ್ಸಿ ಯೋಳಮ್ಮಿ!"