ಮುಫುಲಿರಾದ ಅಂಪೈರ್ ಟೀಚರ್

ಮ್ವಾಂಗೊಗೆ ಟೆನಿಸ್ ಆಡಲು ಬರುತ್ತಿರಲಿಲ್ಲ. ಐವತ್ತಾರು ವರ್ಷದ ಬಾಳಿನಲ್ಲಿ ಒಮ್ಮೆಯೂ ಆಕೆ ಚೆಂಡನ್ನು ಬಲೆಯಾಚೆ ದಾಟಿಸಿದವಳಲ್ಲ. ಆದರೂ ಪ್ರತಿ ಆಗಸ್ಟಿನಲ್ಲಿ ತಾಮ್ರದ ಗಣಿಯೂರು ಮುಫುಲಿರಾದ ಗಣಿ ಕ್ಲಬ್ಬಿಗೆ ಹೊರದೇಶಗಳಿಂದ ಬರುತ್ತಿದ್ದ ಆಟಗಾರರು ಚೀಲ ಕೆಳಗಿಡುವ ಮೊದಲೇ ಕೇಳುತ್ತಿದ್ದುದು, ಆ ಟೀಚರಮ್ಮ ಈ ಸಲವೂ ಇದ್ದಾರಾ ಎಂದು.

ಆಕೆ ಪ್ರಾಥಮಿಕ ಶಾಲೆಯ ಟೀಚರು. ಊರಿನವರಿಗೆ ಬಾನಾ ಲೋಂಬೆ, ಅಂದರೆ ಮಗಳು ಲೋಂಬೆಯ ತಾಯಿ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಪಂದ್ಯಾವಳಿಯಲ್ಲಿ ಚೆಂಡು ಒಳಗೋ ಹೊರಗೋ ಎಂದು ಗೆರೆ ಕಾಯುವವರು ಸಾಲದೆ ಕ್ಲಬ್ಬಿನವರು ಶಾಲೆಗೆ ಬಂದು ಕೇಳಿದ್ದರು. ರಜೆಯ ದಿನ ಬಿಸಿಲಲ್ಲಿ ನಿಲ್ಲಲು ಬೇರೆ ಯಾರೂ ಒಪ್ಪಲಿಲ್ಲ. "ಮಧ್ಯಾಹ್ನ ಊಟಕ್ಕೆ ಕೋಳಿ ಅಂದ್ರು, ನಾನು ಹೋದೆ ಅಷ್ಟೆ" ಎಂದು ಆಕೆ ಈಗಲೂ ನಗುತ್ತ ಹೇಳುತ್ತಾಳೆ. ಮೊದಲ ದಿನವೇ ಆರಡಿಯ ಈಜಿಪ್ಟ್ ಆಟಗಾರನೊಬ್ಬ ಆಕೆಯ ಮುಖದ ಹತ್ತಿರ ಬಂದು ಕೂಗಾಡಿದ. ಅರವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ನಕಲು ಮಾಡುವವನನ್ನು ನೋಡುವಂತೆ ಅವನನ್ನು ನೋಡಿದಳು. ಅವನು ತೆಪ್ಪಗೆ ಹಿಂದೆ ಹೋದ.

ಕ್ಲಬ್ಬಿನ ಟೆನಿಸ್ ಅಂಗಳಗಳು ಹುತ್ತದ ಮಣ್ಣಿನವು. ಹುತ್ತ ಅಗೆದು, ಪುಡಿ ಮಾಡಿ, ನೀರು ಚಿಮುಕಿಸಿ ಉರುಳೆ ಎಳೆದರೆ ನೆಲ ಗಟ್ಟಿಯಾಗುತ್ತದೆ. ಚೆಂಡು ಬಿದ್ದ ಕಡೆ ಮೊಟ್ಟೆಯಾಕಾರದ ಗುರುತು ಮೂಡುತ್ತದೆ. ಆ ಗುರುತು ಓದುವುದನ್ನು ಮ್ವಾಂಗೊ ಚೆನ್ನಾಗಿ ಕಲಿತಳು. ಎರಡು ದಿನ ಬಸ್ಸಿನಲ್ಲಿ ಕೂತು ಹರಾರೆಗೆ ಹೋಗಿ ಪರೀಕ್ಷೆ ಬರೆದು ಅಂಪೈರ್ ಬ್ಯಾಡ್ಜು ತಂದಳು. ಎತ್ತರದ ಕುರ್ಚಿ ಏರಿದಳು. "ಮನೇಲೂ ಅಂಥದ್ದೇ ಒಂದು ಕುರ್ಚಿ ಮಾಡಿಸ್ಲಾ? ನನ್ನ ತಪ್ಪೆಲ್ಲ ಮೇಲಿಂದಾನೇ ಕಾಣುತ್ತೆ" ಎಂದು ಗಣಿಯಿಂದ ನಿವೃತ್ತನಾದ ಗಂಡ ಮುಸೊಂದಾ ಛೇಡಿಸುತ್ತಿದ್ದ. ವರ್ಷಕ್ಕೆ ಇಷ್ಟು ಪಂದ್ಯ ಎಂದು ಕೂತರೆ ಮಾತ್ರ ಆ ಬ್ಯಾಡ್ಜು ಉಳಿಯುತ್ತಿತ್ತು. ಆಕೆಗೆ ಸಿಗುತ್ತಿದ್ದ ಪಂದ್ಯಗಳೆಲ್ಲ ಈ ಒಂದು ಪಂದ್ಯಾವಳಿಯವೇ.

ಅದೇನು ದೊಡ್ಡ ಪಂದ್ಯಾವಳಿಯಲ್ಲ. ಜಗತ್ತಿನ ಪಟ್ಟಿಯಲ್ಲಿ ಏಳುನೂರನೆಯವರು, ಒಂಬೈನೂರನೆಯವರು ಬಂದು ನಾಲ್ಕಾರು ಅಂಕಕ್ಕಾಗಿ ಬೆವರು ಸುರಿಸುವ ಜಾಗ. ಗಣಿಯವರು ಅದನ್ನು ನಡೆಸುತ್ತಿದ್ದ ಕಾಲ ಮುಗಿದ ಮೇಲೆ ರಾಜಧಾನಿ ಲುಸಾಕಾಕ್ಕೆ ಓಡುವ ಬಸ್ಸುಗಳ ಮಾಲೀಕ ಸಿಮುಕೊಂಡಾ ಮೂರು ವರ್ಷದಿಂದ ಹೊಣೆ ಹೊತ್ತಿದ್ದ. ಈ ವರ್ಷ ಉದ್ಘಾಟನೆಯ ದಿನ ಮೈಕು ಹಿಡಿದು, "ನಮ್ಮೂರಿನವನು ಕಪ್ ಎತ್ತಿದ್ದನ್ನ ನಾನಿನ್ನೂ ನೋಡಿಲ್ಲ. ಈ ಸಲ ತೋರಿಸ್ರಪ್ಪಾ. ಇಲ್ಲಾಂದ್ರೆ ಮುಂದಿನ ವರ್ಷದ ಮಾತು ನನ್ನ ಹತ್ರ ಎತ್ತಬೇಡಿ" ಎಂದ. ನಗುತ್ತಲೇ ಅಂದಿದ್ದ. ಆದರೆ ಯಾರಿಗೂ ನಗು ಬರಲಿಲ್ಲ. ಸೆಪ್ಟೆಂಬರ್ ಮುಗಿಯುವುದರೊಳಗೆ ಅಂತಾರಾಷ್ಟ್ರೀಯ ಟೆನಿಸ್ ಸಂಸ್ಥೆಗೆ ಖರ್ಚಿನ ಹೊಣೆ ಹೊತ್ತವನ ಸಹಿಯಿರುವ ಖಚಿತ ಪತ್ರ ಹೋಗದಿದ್ದರೆ ಪಂದ್ಯಾವಳಿಗೆಂದು ಮೀಸಲಾಗಿದ್ದ ಮುಫುಲಿರಾದ ವಾರ ಬೇರೆ ದೇಶದ ಪಾಲಾಗುತ್ತಿತ್ತು.

ಕಲೆಂಗಾ ಫೈನಲ್ಲಿಗೆ ಬಂದಾಗ ಊರು ಉಬ್ಬಿಹೋಯಿತು. ಇಪ್ಪತ್ತೆರಡರ ಕಲೆಂಗಾ ಗಣಿ ಕಾಲೊನಿಯವನು, ಮೂರನೇ ತರಗತಿಯಲ್ಲಿ ಮ್ವಾಂಗೊಳ ಶಿಷ್ಯ. ಎದುರಾಳಿ ಮೊಲ್ದೋವಾದ ಒಬ್ಬ ಮೌನಿ. ಫೈನಲ್ಲಿಗೆ ಕೂರಬೇಕಿದ್ದ ಅಂಗೋಲಾದ ಅಂಪೈರು ಅಂದೇ ಬೆಳಿಗ್ಗೆ ಜ್ವರ ಬಂದು ಮಲಗಿದ. ಪಂದ್ಯಾವಳಿಯ ಮೇಲ್ವಿಚಾರಕ ಮ್ವಾಂಗೊಳನ್ನು ಕರೆದ.

"ನಾನು ಬೇಡ ಸಾರ್. ಅವನಿಗೆ ಅಕ್ಷರ ತಿದ್ದಿಸಿದವಳು ನಾನು" ಎಂದಳು.

ಮೇಲ್ವಿಚಾರಕ ಮೊಲ್ದೋವಾದವನನ್ನೇ ಕೇಳಿದ. ಅವನು ಭುಜ ಕುಣಿಸಿ ಹೇಳಿದ: "ಆಕೆಯೇ ಇರ್ಲಿ. ಮೊನ್ನೆ ನಾನು ಬಾಯಿ ಬಿಡೋಕೆ ಮುಂಚೇನೇ ನನ್ನ ಚೆಂಡು ಒಳಗೆ ಬಿತ್ತು ಅಂದೋರು ಆಕೆ."

ಮೂರನೇ ಸೆಟ್ಟು. ಕಲೆಂಗಾ ಐದು ನಾಲ್ಕರಿಂದ ಮುಂದಿದ್ದ. ಇನ್ನೊಂದೇ ಪಾಯಿಂಟು ಬಂದರೆ ಕಪ್ಪು ಅವನದು. ಅವನು ಗೆರೆಗುಂಟ ಬೀಸಿ ಹೊಡೆದ ಚೆಂಡು ಎದುರಾಳಿಯ ಕೈಗೆಟುಕದೆ ಹೋಯಿತು. ಗೆರೆ ಕಾಯುತ್ತಿದ್ದ ಹುಡುಗಿ ಎರಡೂ ಅಂಗೈ ಚಾಚಿ ಒಳಗೆ ಎಂದಳು. ಜನ ಬೇಲಿ ಹಾರಿ ಅಂಗಳಕ್ಕೇ ನುಗ್ಗಿದರು. ಸಿಮುಕೊಂಡಾ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಮೊಲ್ದೋವಾದವನು ಮಾತ್ರ ಗೆರೆಯ ಹತ್ತಿರ ನೆಲಕ್ಕೆ ಬೆರಳು ತೋರಿಸಿ ನಿಂತುಬಿಟ್ಟಿದ್ದ.

ಮ್ವಾಂಗೊ ಕುರ್ಚಿಯಿಂದ ಇಳಿದಳು. ಜನ ದಾರಿ ಬಿಟ್ಟರು, ನಗುತ್ತಲೇ ಬಿಟ್ಟರು. ಕಲೆಂಗಾ ಓಡಿ ಬಂದು ಗುರುತಿನ ಪಕ್ಕ ನಿಂತಿದ್ದ. ಆಕೆ ಬಗ್ಗಿದಳು. ಗೆರೆಯಾಚೆ ಬಿದ್ದಿದ್ದ ಗುರುತಿಗೂ ಗೆರೆಗೂ ನಡುವೆ ಎರಡು ಬೆರಳಿನಷ್ಟು ಕೆಂಪು ಮಣ್ಣು ಸ್ಪಷ್ಟವಾಗಿ ಕಾಣುತ್ತಿತ್ತು.

"ಟೀಚರ್..." ಎಂದ ಕಲೆಂಗಾ. ಅಷ್ಟೇ ಅಂದ.

ಗುರುತು ಸರಿಯಾಗಿ ಕಾಣುತ್ತಿಲ್ಲ ಎಂದು ಆಕೆ ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಗೆರೆ ಕಾಯುವ ಹುಡುಗಿಯ ತೀರ್ಪೇ ಉಳಿಯುತ್ತಿತ್ತು, ಸುತ್ತ ನಿಂತವರ ಕಾಲಡಿಯಲ್ಲಿ ಆ ಗುರುತು ಕ್ಷಣದಲ್ಲಿ ಅಳಿಸಿಹೋಗುತ್ತಿತ್ತು. ಮ್ವಾಂಗೊ ನೆಟ್ಟಗೆ ನಿಂತು ತೋರುಬೆರಳು ಎತ್ತಿದಳು. ಹೊರಗೆ. ಗದ್ದಲ ಒಮ್ಮೆಲೇ ನಿಂತಿತು, ಆಮೇಲೆ ಎರಡರಷ್ಟಾಗಿ ಎದ್ದಿತು. "ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ" ಎಂದು ಶಾಲೆಯ ದನಿಯಲ್ಲಿ ಹೇಳಿ, ಕುರ್ಚಿ ಏರಿ ಕೂತಳು. ಅಂಗಳ ಖಾಲಿಯಾಗಲು ಹತ್ತು ನಿಮಿಷ ಹಿಡಿಯಿತು. ಕಲೆಂಗಾನ ಕೈ ಮತ್ತೆ ಹದಕ್ಕೆ ಬರಲಿಲ್ಲ. ಆ ಆಟ ಕಳೆದುಕೊಂಡ, ಮುಂದಿನ ಎರಡನ್ನೂ ಕಳೆದುಕೊಂಡ. ಬಹುಮಾನ ಕೊಡುವ ಹೊತ್ತಿಗೆ ಸಿಮುಕೊಂಡಾನ ಕುರ್ಚಿ ಖಾಲಿ ಇತ್ತು.

ಮರುದಿನ ಸಂತೆಯಲ್ಲಿ ಒಣಮೀನು ಮಾರುವ ಬಾನಾ ಚಂಬಾ ಅಳತೆ ಡಬ್ಬಿ ತುಂಬಿಸಿ, ಎಂದೂ ಕೊಸರಾಗಿ ಕೊಡುತ್ತಿದ್ದ ತುದಿಯ ಮೀನುಗಳನ್ನು ಮತ್ತೆ ರಾಶಿಗೆ ಸುರಿದಳು. "ಇವು ಎರಡು ಬೆರಳು ಆಚೆ ಬಿದ್ವು ಟೀಚರ್. ಕೊಡೋಕಾಗಲ್ಲ" ಎಂದಳು. ಸುತ್ತಲಿನವರು ಕಿಸಕ್ಕೆಂದರು. ಮ್ವಾಂಗೊ ಕೊಟ್ಟಷ್ಟನ್ನು ಹಿಡಿದು ಮನೆಗೆ ಬಂದಳು.

ಆಕೆಗೆ ಸಿಟ್ಟು ಬಂದಿರಲಿಲ್ಲ, ಯೋಚನೆ ಬಂದಿತ್ತು. ಪಂದ್ಯಾವಳಿ ನಿಂತರೆ ಉರುಳೆ ಎಳೆಯುವವರಿಗೆ ಕೆಲಸವಿಲ್ಲ. ಆಟಗಾರರಿಗೆ ಕೋಣೆ ಕೊಡುತ್ತಿದ್ದ ವಿಧವೆಯರಿಗೆ ಆಗಸ್ಟ್ ಬರೀ ಒಂದು ತಿಂಗಳಾಗುತ್ತದೆ. ಕಲೆಂಗಾನಂಥವನು ಒಂದೊಂದು ಅಂಕಕ್ಕೂ ಬೇರೆ ದೇಶಕ್ಕೆ ಅಲೆಯಬೇಕು. ಒಂದು ಚೆಂಡಿನ ಗುರುತಿಗೆ ಇವರೆಲ್ಲರನ್ನೂ ಬಲಿಕೊಟ್ಟೆನೇ ನಾನು?

ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು: "ನೀನಾಗಿದ್ರೆ ಏನು ಮಾಡ್ತಿದ್ದೆ?"

ಮುಸೊಂದಾ ನ್ಷಿಮಾ ಮುದ್ದೆಯ ತುತ್ತು ಉಂಡೆ ಕಟ್ಟಿ ಸಾರಿಗೆ ಅದ್ದಿದ. "ನಾನಾ? ಒಳಗೆ ಅಂದುಬಿಡ್ತಿದ್ದೆ. ಅದಕ್ಕೇ ನನ್ನನ್ನ ಯಾರೂ ಆ ಕುರ್ಚಿ ಮೇಲೆ ಕೂರಿಸಿಲ್ಲ."

ಮೂರು ವಾರದ ಮೇಲೆ ಕಲೆಂಗಾ ಮನೆಗೆ ಬಂದ. ಬಾಗಿಲಲ್ಲಿ ಮಂಡಿ ಬಗ್ಗಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸಿದ. ಕೂರು ಎಂದರೂ ಕೂರಲಿಲ್ಲ.

"ಟೀಚರ್, ನಾನೂ ನೋಡಿದ್ದೆ. ಹೊರಗೇ ಬಿದ್ದಿತ್ತು. ಕಾಲಲ್ಲಿ ಒರೆಸಿಬಿಡೋಣ ಅಂತ ಹತ್ರ ಹೋಗಿದ್ದೆ."

"ಒರೆಸ್ಲಿಲ್ವಲ್ಲ."

"ನೀವು ಇಳಿದು ಬರ್ತಿದ್ರಿ. ಹೆದರಿಕೆ ಆಯ್ತು."

"ನಂಗೂ ಆಗಿತ್ತು ಕಣೋ" ಎಂದಳು ಮ್ವಾಂಗೊ. "ಕೂರು, ಚಹಾ ತರ್ತೀನಿ."

ಚಹಾ ಮುಗಿಸಿ ಅವನು ಸಿಮುಕೊಂಡಾನಿಗೆ ನಿಜ ಹೇಳಲು ನೇರವಾಗಿ ಬಸ್ ನಿಲ್ದಾಣಕ್ಕೆ ಹೊರಟ. ಆಕೆ ಬೇಡವೆಂದರೂ ಕೇಳಲಿಲ್ಲ. ಕೊನೆಗೆ ತಾನೂ ಚಿತೆಂಗೆ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡು ಅವನ ಹಿಂದೆ ಹೊರಟಳು. ಸಿಮುಕೊಂಡಾ ಬಸ್ಸೊಂದರ ಚಕ್ರದ ಮುಂದೆ ಮೆಕ್ಯಾನಿಕನನ್ನು ಬೈಯುತ್ತ ನಿಂತಿದ್ದ. ಕಲೆಂಗಾ ಚೆಂಡಿನ ವಿಷಯ ಪೂರ್ತಿ ಹೇಳಿದ. ಸಿಮುಕೊಂಡಾ ಒಮ್ಮೆ ಅವನನ್ನು, ಒಮ್ಮೆ ಆಕೆಯನ್ನು ನೋಡಿದ.

"ಮೂರು ವಾರ ಎಲ್ಲಿ ಹೋಗಿದ್ದೆ ಮಾರಾಯ? ಊರೆಲ್ಲ ಈ ಅಮ್ಮನ್ನ ಬೈತಿತ್ತು. ನಾನೂ ಬೈದೆ."

"ತಪ್ಪಾಯ್ತು ಸಾರ್."

"ಆಯ್ತು. ಆದ್ರೂ ನಾನು ಪತ್ರಕ್ಕೆ ಸಹಿ ಹಾಕಲ್ಲ. ಸಿಟ್ಟಿಂದ ಅಲ್ಲ ಬಾನಾ ಲೋಂಬೆ. ಡೀಸೆಲ್ ಬೆಲೆ ನೋಡಿದ್ರೆ ಮುಂದಿನ ಆಗಸ್ಟಿಗೆ ಎಷ್ಟು ಬಸ್ಸು ಓಡ್ತವೋ ನಂಗೇ ಗೊತ್ತಿಲ್ಲ. ಆಟಗಾರರನ್ನ ಎನ್ಡೋಲಾ ವಿಮಾನ ನಿಲ್ದಾಣದಿಂದ ಕರ್ಕೊಂಡು ಬರೋಕೆ ಬಸ್ಸು ಕೊಡ್ತೀನಿ. ಅಷ್ಟು ಮಾತು ಕೊಡಬಲ್ಲೆ."

ಕ್ಲಬ್ಬಿನ ಕಾರ್ಯದರ್ಶಿ ಆ ಬಸ್ಸಿನ ಮಾತನ್ನೇ ಸೇರಿಸಿ, ಉಳಿದ ಖರ್ಚಿಗೆ ಪ್ರಯತ್ನ ನಡೆದಿದೆ ಎಂದು ಅಂತಾರಾಷ್ಟ್ರೀಯ ಸಂಸ್ಥೆಗೆ ಬರೆದು ಕಳಿಸಿದ. ಅಕ್ಟೋಬರ್ ಧಗೆಯಲ್ಲಿ ಉತ್ತರ ಬಂತು: ಮುಫುಲಿರಾದ ವಾರವನ್ನು ಪಟ್ಟಿಯಲ್ಲಿ ಉಳಿಸಿದ್ದೇವೆ, ಪಕ್ಕದಲ್ಲಿ ಖಚಿತವಿಲ್ಲ ಎಂದು ಬರೆದಿದ್ದೇವೆ, ಏಪ್ರಿಲ್‌ವರೆಗೆ ಕಾಯುತ್ತೇವೆ.

ಆ ಸಂಜೆ ಮುಸೊಂದಾ ಮನೆಯಂಗಳದಲ್ಲಿ ರೇಡಿಯೊ ಸಣ್ಣಗೆ ಮಾಡಿ ಕೇಳಿದ: "ಕಸಾಮಾದಿಂದ ಅಣ್ಣ ಫೋನ್ ಮಾಡಿದ್ದ. ಮಗಳ ಮದುವೆ ಆಗಸ್ಟಲ್ಲಂತೆ. ಇಬ್ರೂ ಬರ್ತೀವಿ ಅಂತ ಹೇಳ್ಲಾ?"

ಮ್ವಾಂಗೊ ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದಳು. ಪೆನ್ನು ನಿಂತಿತು.

"ನೀನು ಬರ್ತೀಯ ಅಂತ ಹೇಳು" ಎಂದಳು. "ನಂದು ಏಪ್ರಿಲಲ್ಲಿ ಹೇಳ್ತೀನಿ."