ಕೂತದ್ದು ನಾನು, ಬಂದದ್ದು ಅಕ್ಕ

ರಾಯಚೂರಿನಲ್ಲಿ ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಆದರೆ ಅವನ ಜೀವ ಇದ್ದದ್ದು ಬೇರೆ ಚಿತ್ರಗಳಲ್ಲಿ: ಮಗಳ ತಲೆ ಬಾಚುವ ತಾಯಿ, ದೀಪ ಹಚ್ಚುವ ಸೊಸೆ, ಮೊಮ್ಮಗನಿಗೆ ರೊಟ್ಟಿ ಮುರಿದು ಕೊಡುವ ಮುದುಕಿ. ಮಾನ್ವಿ, ಸಿರವಾರದ ರೈಸ್‌ಮಿಲ್ಲಿನವರು ಹೊಸ ಮನೆ ಕಟ್ಟಿಸಿದಾಗ ಬಂದು ಒಯ್ಯುತ್ತಿದ್ದರು. ಮುದುಕಿಯೆಂದರೆ ನಮ್ಮ ಅಜ್ಜಿ, ತಾಯಿಯೆಂದರೆ ಅವ್ವ. ಉಳಿದ ಹೆಣ್ಣುಗಳೆಲ್ಲ ನಮ್ಮ ಅಕ್ಕ. ಅಲುಗಾಡದೆ ತಾಸುಗಟ್ಟಲೆ ಕೂಡುವುದು ಅವಳಿಗೆ ಮಾತ್ರ ಬರುತ್ತಿತ್ತು.

ಹತ್ತೊಂಬತ್ತನೇ ವಯಸ್ಸಿಗೆ, ಎಂಟು ದಿನದ ಜ್ವರದಲ್ಲಿ ಅಕ್ಕ ಹೋದಳು. ಅಪ್ಪ ವರ್ಷವಿಡೀ ಬೋರ್ಡು ಬಿಟ್ಟು ಬೇರೇನೂ ಬರೆಯಲಿಲ್ಲ. ಆಮೇಲೊಂದು ದಿನ ನನ್ನ ಕೈಗೆ ಮೊರ ಕೊಟ್ಟು ಕಿಟಕಿಯ ಬೆಳಕಿಗೆ ಕೂಡಿಸಿದ. ನಾಲ್ಕು ದಿನ ಕೂತೆ. ಐದನೆಯ ದಿನ ನೋಡಿದರೆ ಮೊರ ಹಿಡಿದ ಬೆರಳು ನನ್ನವು, ಮುಖ ಅಕ್ಕನದು. ಅವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

“ಯಪ್ಪಾ, ಕುಂತಾಕಿ ನಾನು. ಅಕ್ಕ ಯಾಕ ಬಂದಳು?”

“ನಿನ್ನ ನೋಡೇ ಬರದೀನವ್ವಾ,” ಎಂದ ಅಪ್ಪ. “ಹೆಂಗ ಬಂದಳೋ ನನಗೂ ತಿಳೀವಲ್ದು.”

ಮತ್ತೆರಡು ಸಲ ಕೂತೆ. ಎರಡು ಸಲವೂ ಅವಳೇ ಬಂದಳು. ನಾನು ಕೂಡುವುದನ್ನೇ ಬಿಟ್ಟೆ. ಮುಂದೆ ದೇವದುರ್ಗದಲ್ಲಿ ಶಾಲೆಯ ಕೆಲಸ ಸಿಕ್ಕಿತು, ಮದುವೆಯಾಯಿತು, ಅಲ್ಲೇ ಉಳಿದೆ.

ಹೋದ ವರ್ಷ ನಮ್ಮ ಶಾಲೆಯ ಟೀಚರೊಬ್ಬರ ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆಂದು ಮಾನ್ವಿಗೆ ಹೋಗಿದ್ದೆ. ಪಡಸಾಲೆಯ ಗೋಡೆಯ ಮೇಲೆ, ಅಪ್ಪ ಇಪ್ಪತ್ತು ವರ್ಷಕ್ಕೂ ಹಿಂದೆ ಮಾರಿದ್ದ ಅದೇ ಮೊರದ ಚಿತ್ರ. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಆ ಮನೆಯ ಅಜ್ಜಿ ನನ್ನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದಳು.

“ಈಕಿ ನಿಮ್ಮ ಅಕ್ಕ ಏನ್ರೀ? ಭಾಳ ಹೋಲ್ತೀರಿ. ದಿನಾ ನೋಡಿ ನೋಡಿ ನಮ್ಮನಿ ಮಗಳಂಗ ಆಗ್ಯಾಳ. ಮಕ್ಕಳೆಷ್ಟು ಆಕಿಗೆ?”

“ಇಬ್ಬರು,” ಎಂದುಬಿಟ್ಟೆ. “ಆರಾಮ ಅದಾಳ್ರಿ.”

ಊಟಕ್ಕೆ ನಿಲ್ಲಲಿಲ್ಲ. ದೇವದುರ್ಗಕ್ಕೆ ಮರಳದೆ ರಾಯಚೂರಿನ ಬಸ್ಸು ಹತ್ತಿದೆ. ನಾನಾಡಿದ ಸುಳ್ಳನ್ನು ಅಪ್ಪನಿಗೆ ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ಸುಮಾರು ಹೊತ್ತು ನನ್ನ ಕೂದಲನ್ನೇ ನೋಡಿದ.

“ಆಕಿಗೂ ಈಟೊತ್ತಿಗೆ ನರೆ ಬಂದಿರ್ತಿತ್ತು,” ಎಂದ. “ನಾಳೆ ಮುಂಜಾನಿ ಒಂದೀಟು ಕುಂದರತಿ ಏನವ್ವಾ?”

ಕೂತೆ. ಮೂರು ದಿನ ಹಿಡಿಯಿತು. ಮುಗಿದಾಗ ಕಂಡವಳು ನಲವತ್ತು ದಾಟಿದ ಅಕ್ಕ. ಕಿವಿಯ ಮೇಲೆ ನರೆ, ತುಂಬಿ ಸ್ವಲ್ಪ ಜೋತ ಕೆನ್ನೆ, ಕಣ್ಣ ಕೆಳಗೆ ದಣಿವು. ಅವಳಿಗೆ ಎಂದೂ ಸಿಗದ ಮುಖ. ಅವ್ವ ಹತ್ತಿರ ಹೋಗಿ ನೋಡಿ, “ಮೈ ತುಂಬ್ಯಾಳ,” ಎಂದಳು.

ಅದನ್ನು ಯಾರಿಗೂ ಮಾರಲಿಲ್ಲ, ಅವ್ವ ಅಡುಗೆಮನೆಯಲ್ಲಿ ತೂಗುಹಾಕಿದಳು. ತವರಿಗೆ ಹೋದಾಗ ಅದಕ್ಕೆ ಬೆನ್ನು ಮಾಡಿ ಊಟಕ್ಕೆ ಕೂಡುವುದು ನನ್ನಿಂದ ಇಂದಿಗೂ ಆಗುವುದಿಲ್ಲ.