ವಂದನಾರ್ಪಣೆಯ ಒಂಬತ್ತು ಹೆಸರು

ಕ್ರಿಸಾಂತೋ ಅಬೆಯಾ ಜೆರ್ಸಿ ಸಿಟಿಯ ನಗರಸಭೆಗೆ ನಿಂತು ಸೋತದ್ದು ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಜ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಆತನೇ. ಇನ್ನೊಬ್ಬಳು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಟೈಪಿಸ್ಟ್ ಆಗಿದ್ದ ಮೈಸೂರಿನ ರಮಾಮಣಿ.

ಅಬೆಯಾ ಮನಿಲಾದವನು. ಅಲ್ಲಿ ಹನ್ನೆರಡು ವರ್ಷ ಪೊಲೀಸ್ ಠಾಣೆ, ಕೋರ್ಟು ಸುತ್ತಿ ಸುದ್ದಿ ಬರೆದು, ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಪತ್ರಿಕೆಯ ವರದಿಗಾರನಾಗಿ ನ್ಯೂಯಾರ್ಕಿಗೆ ಬಂದ. ಎಪ್ಪತ್ತೆರಡರಲ್ಲಿ ಅವನ ದೇಶದಲ್ಲಿ ಸೇನಾಡಳಿತ ಬಂತು, ಪತ್ರಿಕೆಗೆ ಬೀಗ ಬಿತ್ತು. ಅವನು ಕಳಿಸಿದ ಕೊನೆಯ ಸುದ್ದಿಯನ್ನು ತೆಗೆದುಕೊಳ್ಳಲು ಆ ಕಡೆ ಯಾರೂ ಇರಲಿಲ್ಲ. ಅಲ್ಲಿಂದಾಚೆ ನ್ಯೂವಾರ್ಕಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಬರೆದ ಕೈ ಸುಮ್ಮನಿರಬೇಕಲ್ಲ! ಇಲ್ಲಿರುವ ತನ್ನ ಊರಿನವರಿಗಾಗಿ, ಅಲ್ಲಿನ ಸೇನಾಡಳಿತವನ್ನು ಟೀಕಿಸುವ ಎರಡು ಹಾಳೆಯ ಪತ್ರಿಕೆಯೊಂದನ್ನು ಶುರುಮಾಡಿದ.

ಅದಕ್ಕೆ ಟೈಪ್ ಮಾಡಿಕೊಡಲು ರಮಾಮಣಿಯನ್ನು ಹಿಡಿದು ತಂದವಳು ಅದೇ ಆಸ್ಪತ್ರೆಯ ನರ್ಸ್, ಅಬೆಯಾನ ದೇಶದವಳೇ ಆದ ಮಿಲಾಗ್ರೋಸ್, ಎಲ್ಲರ ಬಾಯಲ್ಲಿ ಮಿಲಾ. ಇಬ್ಬರೂ ದಿನಾ ಒಟ್ಟಿಗೆ ಊಟಕ್ಕೆ ಕೂರುವವರು.

ರಮಾಮಣಿಯ ಗಂಡ ಗಣಪತಿ ಗೊಣಗುತ್ತಿದ್ದ. "ಆಫೀಸಲ್ಲಿ ಟೈಪ್ ಮಾಡಿದ್ದು ಸಾಲ್ದು ಅಂತ ಅವನ್ಯಾರಿಗೋ ಬೇರೆ ಮಾಡ್ಕೊಡ್ತೀಯಲ್ಲೇ. ಅವರ ಪಾಲಿಟಿಕ್ಸ್ ನಮಗ್ಯಾಕೆ?"

"ಅವರು ಬರ್ದಿದ್ದು ಓದೋಕೆ ಚೆನ್ನಾಗಿರುತ್ತೆ ಕಣ್ರೀ," ಎನ್ನುತ್ತಿದ್ದಳು.

ಚಳಿಗಾಲದಲ್ಲಿ ಬಾಡಿಗೆ ಮನೆ ಬೆಚ್ಚಗಿಡಲು ಹೀಟ್ ಕೊಡದ ಮಾಲೀಕರ ಬಗ್ಗೆಯೂ ಅಬೆಯಾ ಮೂರು ವರ್ಷ ಬಿಡದೆ ಬರೆದ. ನಗರಸಭೆಯಲ್ಲಿ ಒಬ್ಬನೂ ಅಲುಗಾಡಲಿಲ್ಲ. ಅಮೆರಿಕದ ನಾಗರಿಕನಾದ ಮೇಲೆ, ಎಪ್ಪತ್ತೇಳರಲ್ಲಿ, "ಬರೆದು ಸಾಕಾಯಿತು, ಇನ್ನು ಅವರ ಪಕ್ಕದ ಕುರ್ಚಿಯಲ್ಲೇ ಕೂರುತ್ತೇನೆ" ಎಂದು ಚುನಾವಣೆಗೆ ನಿಂತ. ಅವನ ಬೆನ್ನಿಗೆ ನಿಂತವರು ಮಿಲಾ ಮತ್ತು ಅವಳಂತೆಯೇ ಅವನ ದೇಶದಿಂದ ಬಂದ ನರ್ಸುಗಳು.

ಚುನಾವಣೆಗೆ ಎರಡು ತಿಂಗಳಿದ್ದಾಗ ಒಂದು ವಾರ ಅಬೆಯಾ ಪ್ರಚಾರಕ್ಕೆ ಹೋಗಿದ್ದ. ಹಾಳೆಯ ಕೊನೆಯಲ್ಲಿ ನಾಲ್ಕು ಬೆರಳು ಜಾಗ ಖಾಲಿ ಉಳಿಯಿತು. ನಮ್ಮವರಿಗೆ ವಂದನಾರ್ಪಣೆಯಿಲ್ಲದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ ನೋಡಿ. ಮೈಕ್ ಕೊಟ್ಟವನಿಂದ ಜಮಖಾನ ಹಾಸಿದವನವರೆಗೆ ಎಲ್ಲರ ಹೆಸರೂ ಬರಬೇಕು, ಒಂದು ಬಿಟ್ಟುಹೋದರೆ ವರ್ಷವಿಡೀ ಮುನಿಸು. ಕಾಗದ ತಂದವರು, ಹಾಳೆ ಹಂಚಿದವರು, ಕಾಫಿ ಮಾಡಿಕೊಟ್ಟವರು ಎಂದು ರಮಾಮಣಿ ನೆನಪಿಸಿಕೊಂಡು ಮಿಲಾ ಮತ್ತು ಇತರ ನರ್ಸುಗಳ ಒಂಬತ್ತು ಹೆಸರನ್ನು ಪೂರ್ತಿಯಾಗಿ, ಮನೆತನದ ಹೆಸರಿನ ಸಮೇತ ಟೈಪ್ ಮಾಡಿದಳು. ತನ್ನ ಹೆಸರು ಹಾಕಲಿಲ್ಲ. ತನಗೆ ತಾನೇ ವಂದನೆ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲವಲ್ಲ. ಸೈಕ್ಲೋಸ್ಟೈಲ್ ಯಂತ್ರದಲ್ಲಿ ತಾನೇ ಪ್ರತಿ ತೆಗೆದು ಹಂಚಲು ಕೊಟ್ಟಳು. ಆ ಪತ್ರಿಕೆಯಲ್ಲಿ ಅಬೆಯಾನ ಹೆಸರು ಬಿಟ್ಟು ಇನ್ನೊಬ್ಬರದು ಎಂದೂ ಬಂದಿರಲಿಲ್ಲ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಐದು ವಾರದ ಮೇಲೆ ಊಟದ ಹೊತ್ತಿನಲ್ಲಿ ಮಿಲಾ ಊರಿನಿಂದ ತಾಯಿ ಬರೆದ ಒಂದು ಕಾಗದ ತಂದಳು. ಅವಳ ತಮ್ಮ ರೂಬೆನ್ ಊರಿನಲ್ಲಿ ಶಾಲೆಯ ಮೇಷ್ಟ್ರು. ಆ ಹಾಳೆ ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಅದನ್ನು ಅವನ ಮುಂದೆ ಹಿಡಿದು "ಇವಳು ನಿನ್ನ ಅಕ್ಕನೇ?" ಎಂದು ಕೇಳಿ ಸೈನಿಕರು ಕರೆದುಕೊಂಡು ಹೋಗಿದ್ದರು. ಎಲ್ಲಿಗೆ ಎಂದು ತಾಯಿಗೆ ಗೊತ್ತಿರಲಿಲ್ಲ.

"ನಾಲ್ಕು ಓಟಿಗಾಗಿ ನಮ್ಮ ಹೆಸರು ಹಾಕಿಬಿಟ್ಟ ಆ ಅಬೆಯಾ," ಎಂದಳು ಮಿಲಾ.

ರಮಾಮಣಿ ಊಟದ ಡಬ್ಬಿಯನ್ನು ಮುಚ್ಚಿದಳು. ಬಹಳ ಹೊತ್ತು ಮಡಿಸಿಕೊಂಡು ಕೂತ ಕಾಲಿನಂತೆ ಒಳಗೆಲ್ಲ ಜೋಮು ಹಿಡಿದಿತ್ತು.

ಸಂಜೆ ಅಬೆಯಾನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದಳು. ಅವನಿಗೆ ಆಗಲೇ ಗೊತ್ತಿತ್ತು. ಬೈಯಲಿಲ್ಲ.

"ಹೆಸರು ಹಾಕಬಾರದು ಅಂತ ನಾನು ನಿಮಗೆ ಹೇಳಬೇಕಿತ್ತು. ಅಚ್ಚಾದದ್ದಕ್ಕೆಲ್ಲ ಸಂಪಾದಕನೇ ಹೊಣೆ."

"ಮಿಲಾಗೆ ನಾನೇ ಹೇಳ್ತೀನಿ."

"ಅದು ನಿಮಗೆ ಬಿಟ್ಟದ್ದು," ಎಂದ.

ಭಾನುವಾರ ಚರ್ಚಿನ ಸಭಾಂಗಣದಲ್ಲಿ ತನ್ನವರ ಮುಂದೆ ಅವನು ಎದ್ದು ನಿಂತು, ತಪ್ಪು ನನ್ನದು ಎಂದ. ಇನ್ನೊಂದು ಮಾತು ಸೇರಿಸಲಿಲ್ಲ. ನರ್ಸುಗಳು ಒಬ್ಬೊಬ್ಬರಾಗಿ ಎದ್ದು ಹೋದರು. ರಮಾಮಣಿ ಹಿಂದಿನ ಸಾಲಿನಲ್ಲಿ ಕೋಟು ಹಾಕಿಕೊಂಡೇ ಕೂತಿದ್ದಳು. ಎರಡು ವಾರದ ಮೇಲೆ ಅವನು ಇನ್ನೂರ ಹದಿನಾಲ್ಕು ಓಟಿನಿಂದ ಸೋತ. ಪತ್ರಿಕೆ ನಿಂತಿತು. ಗೋದಾಮಿನ ಕೆಲಸ ಮುಂದುವರಿಯಿತು.

ನಾಳೆ ಹೇಳಿದರಾಯಿತು ಎಂದುಕೊಂಡು ರಮಾಮಣಿ ದಿನಾ ಮಿಲಾಳ ಜೊತೆ ಊಟಕ್ಕೆ ಕೂತಳು. ಅವಳ ತಮ್ಮನಿಗಾಗಿ ಅರ್ಜಿಗಳನ್ನು ಟೈಪ್ ಮಾಡಿಕೊಟ್ಟಳು. ಸೆನೆಟರಿಗೆ, ಬಿಷಪ್ಪರಿಗೆ, ರೆಡ್ ಕ್ರಾಸಿಗೆ, ಒಟ್ಟು ನಲವತ್ತಾರು. ಒಂದೊಂದು ಅರ್ಜಿ ಮುಗಿದಂತೆಲ್ಲ ಹೇಳುವುದು ಇನ್ನಷ್ಟು ಕಷ್ಟವಾಯಿತು. ಆಮೇಲಾಮೇಲೆ ಹೇಳಬೇಕೆಂದು ಅನ್ನಿಸುವುದೇ ನಿಂತಿತು.

ಎಪ್ಪತ್ತೊಂಬತ್ತರ ಮಾರ್ಚಿನಲ್ಲಿ ರೂಬೆನ್ ಬಿಡುಗಡೆಯಾದ. ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲವಂತೆ. ಮಿಲಾ ಊಟದ ಮೇಜಿನ ಮೇಲೆ, ತಮ್ಮನಿಗಾಗಿ ನೆರವಾದವರಿಗೆ ವಂದನೆ ಹೇಳುವ ಒಂದು ಕಾರ್ಡು ಇಟ್ಟಳು.

"ಇದನ್ನ ನಿನ್ನಿಂದಲೇ ಕಲಿತೆ, ಮಣಿ. ಜೊತೆಗೆ ನಿಂತವರ ಹೆಸರನ್ನೆಲ್ಲ ಹೇಳಬೇಕು ಅಂತಿದ್ದೆಯಲ್ಲ. ತಮ್ಮ ಹೊರಗೆ ಬಂದಾಯಿತು, ಈಗ ಬರೆಯೋಕೆ ಭಯವಿಲ್ಲ. ಅಬೆಯಾನ ಹೆಸರು ಮಾತ್ರ ಬರೆದಿಲ್ಲ."

ಹನ್ನೊಂದು ಹೆಸರಿತ್ತು. ಮೊದಲನೆಯದು ರಮಾಮಣಿಯದು. ಅವಳು ಟೈಪಿಸ್ಟಿನ ಅಭ್ಯಾಸದಂತೆ ಪಟ್ಟಿಯನ್ನು ಎರಡು ಸಲ ಮೇಲಿಂದ ಕೆಳಗೆ ನೋಡಿದಳು. ಒಂದಕ್ಷರವೂ ತಪ್ಪಿರಲಿಲ್ಲ.

"ಚೆನ್ನಾಗಿದೆ," ಎಂದು ಹೇಳಿ ಊಟದ ಡಬ್ಬಿಯ ಮುಚ್ಚಳ ತೆಗೆದಳು.